ಒಂದು ಉಸಿರಿಗೆ ಒಂದು ಮಾತು

ನಮ್ಮೂರಿನಲ್ಲಿ ಟೈಲರುಗಳಿಗೆ ಬೆಳಿಗ್ಗೆ ಹನ್ನೊಂದರ ಮೇಲೆ ಗಂಟಲು ಇರುವುದಿಲ್ಲ. ಅಂಗಡಿ ತೆಗೆದ ಕೂಡಲೇ ಯಾರಾದರೂ ಬಂದು "ನನ್ನ ಜುಬ್ಬ ಆಯ್ತಾ?" ಅನ್ನುತ್ತಾರೆ, ಇವರು "ನಾಳೆ ಬನ್ನಿ, ಖಂಡಿತ ಕೊಡ್ತೀನಿ" ಅನ್ನುತ್ತಾರೆ, ಅಷ್ಟೇ, ಸುಳ್ಳಿಗೆ ಗಂಟಲು ಕಟ್ಟಿತು. ಮಾರನೆಯ ದಿನ ಹಾಲಿನವನು ಬರುವ ತನಕ ಬಾಯಿಂದ ಒಂದಕ್ಷರ ಹೊರಡುವುದಿಲ್ಲ. ನಾನು ಗುಂಡಿಗೆ ಕಾಜಾ ಹಾಕುವ ಕೆಲಸಕ್ಕಿರುವ ಅಂಗಡಿಯ ಮಾಲೀಕ ಮಾದೇವಣ್ಣ ಇದಕ್ಕೆಂದೇ ಒಂದು ಸ್ಲೇಟು ಇಟ್ಟುಕೊಂಡಿದ್ದಾನೆ. ಅದರ ಮೇಲೆ 'ನಾಳೆ' ಎಂದು ಬರೆದಿದ್ದಾನೆ. ಗಿರಾಕಿ ಬಂದರೆ ಎತ್ತಿ ತೋರಿಸುತ್ತಾನೆ. ಬರೆದ ಸುಳ್ಳಿಗೆ ಗಂಟಲು ಕಟ್ಟುವುದಿಲ್ಲವಲ್ಲ! ಅದಕ್ಕೇ ನಮ್ಮೂರಲ್ಲಿ ಬರೆದದ್ದನ್ನು ಯಾರೂ ನಂಬುವುದಿಲ್ಲ. ಜಮೀನಿನ ಕ್ರಯ, ಹೆಣ್ಣು ಗಂಡಿನ ಮಾತುಕತೆ, ಕೋರ್ಟಿನ ತೀರ್ಪು, ಎಲ್ಲ ಬಾಯಿಮಾತಿನಲ್ಲೇ. ನಮ್ಮ ಕೋರ್ಟಿನಲ್ಲಿ ಹುಡುಕಿದರೂ ಒಂದು ಕಾಗದ ಸಿಗದು.

ಸುಳ್ಳಾಡಲಾಗದ ಊರಿಗೆ ವಕೀಲರು ಯಾಕೆ ಎಂದು ಹೊರಗಿನವರು ಕೇಳುತ್ತಾರೆ. ಅಯ್ಯೋ ಪುಣ್ಯಾತ್ಮರೇ, ನಮ್ಮಲ್ಲಿರುವಷ್ಟು ವ್ಯಾಜ್ಯ ಇನ್ನೆಲ್ಲೂ ಇಲ್ಲ. ನಂಬಿ ಹೇಳಿದ ಮಾತಿಗೆ ಗಂಟಲು ಕಟ್ಟುವುದಿಲ್ಲ, ಅದು ನಿಜವೇ ಆಗಿರಬೇಕೆಂದೇನಿಲ್ಲ. ತಮ್ಮದೇ ಸರಿ ಎಂದು ಯಾರು ತಾನೇ ನಂಬುವುದಿಲ್ಲ? ಇನ್ನೊಂದು ತೊಡಕೂ ಇದೆ. ಗಂಟಲು ಕಟ್ಟುವುದು ಉಸಿರು ಮುಗಿದ ಮೇಲೆ. ಒಂದೇ ಉಸಿರಿನಲ್ಲಿ ನಾಲ್ಕು ಮಾತು ಪೋಣಿಸಿ ಹೇಳಿದರೆ ನಾಲ್ಕರಲ್ಲಿ ಸುಳ್ಳು ಯಾವುದೆಂದು ದೇವರಿಗೇ ಗೊತ್ತು. ವಕೀಲರ ಕಸುಬೆಲ್ಲ ಇರುವುದು ಅಲ್ಲೇ. ಕಟಕಟೆಯಲ್ಲಿ ಸಾಕ್ಷಿ ಉದ್ದಕ್ಕೆ ಮಾತು ಎಳೆದರೆ ಅವರು ಕೈಯೆತ್ತಿ "ಉಸಿರು ಬಿಡಿಸಿ" ಅನ್ನುತ್ತಾರೆ. ಆಗ ಸಾಕ್ಷಿ ಒಂದು ಉಸಿರಿಗೆ ಒಂದೇ ಮಾತು ಹೇಳಬೇಕು. ತಲೆಯಾಡಿಸಿದ್ದು ಮಾತ್ರ ಲೆಕ್ಕಕ್ಕಿಲ್ಲ. ತಲೆಗೆ ಗಂಟಲಿಲ್ಲ ಎಂಬುದು ನಮ್ಮೂರ ಗಾದೆ.

ನನಗೆ ಚಿಕ್ಕಂದಿನಿಂದಲೂ ಕಾನೂನು ಓದುವ ಹುಚ್ಚು. ಮಾತಿಗೆ ಮಾತು ಕೊಡುತ್ತಿದ್ದ ನನ್ನನ್ನು ನೋಡಿ ಅಮ್ಮ "ಈ ದಾಕ್ಷಾಯಿಣಿ ಬಾಯಿ ಒಂದು ದಿನ ನಾಲ್ಕು ಜನಕ್ಕೆ ಉಪಯೋಗಕ್ಕೆ ಬರ್ಲಿ" ಅನ್ನುತ್ತಿದ್ದಳು. ಆದರೆ ಕಾನೂನು ಶಾಲೆಯ ಪ್ರವೇಶ ಪರೀಕ್ಷೆ ಮೂರು ವರ್ಷಕ್ಕೊಮ್ಮೆ, ಒಬ್ಬರಿಗೆ ಮೂರೇ ಸಲ. ಪುಸ್ತಕ ಓದಿ ಬರೆಯುವ ಪರೀಕ್ಷೆಯಲ್ಲ ಅದು. ಊರವರೆಲ್ಲ ಕೂತ ಸಭೆಯಲ್ಲಿ, ಮೂವರು ಹಿರಿಯರ ಮುಂದೆ ನಿಂತು ಮೊದಲು "ನನ್ನ ಬಾಳಿನ ದೊಡ್ಡ ಜಗಳ ಇದು" ಎಂದು ಹೇಳಿ ಒಂದು ಜಗಳ ಮುಂದಿಡಬೇಕು. ಆಮೇಲೆ ಎದುರಿನವರ ಪಕ್ಷ ಹೇಳಬೇಕು. ಆಮೇಲೆ ತನ್ನ ಪಕ್ಷ. ಎದುರಿನವರೂ ಬಂದು ಮುಂದೆ ಮಣೆಯ ಮೇಲೆ ಕೂರಬೇಕು. ಬರದಿದ್ದರೆ ಅವರ ಹೆಸರಿನಲ್ಲಿ ಒಂದು ಚೊಂಬು ನೀರು ಇಡುತ್ತಾರೆ. ಯಾವ ಹಂತದಲ್ಲಾದರೂ ಗಂಟಲು ಕಟ್ಟಿದರೆ ಗಂಟೆ ಬಾರಿಸುತ್ತಾರೆ, ಮನೆಗೆ ಹೋಗುವುದು. ನಿಯಮದ ಮಾತು ಇಷ್ಟೇ: ಎದುರಿನವರ ಪಕ್ಷವನ್ನೂ ತನ್ನ ಪಕ್ಷವನ್ನೂ ಗಂಟಲು ಕಟ್ಟದೆ ಹೇಳಿದವರಿಗೆ ಇಲ್ಲವೇ ಹೇಳಿಸಿದವರಿಗೆ ಶಾಲೆಯ ಬಾಗಿಲು ತೆರೆದಿದೆ.

ನನ್ನನ್ನು ಪರೀಕ್ಷೆಗೆ ತಯಾರು ಮಾಡಿದವರು ಮರಿದೇವರು ಮೇಷ್ಟ್ರು. ಮೇಷ್ಟ್ರು ಎಂದು ಕರೆಯುವುದಷ್ಟೇ; ಅವರು ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವ ಕೆಲಸದಲ್ಲಿದ್ದವರು. ನಲವತ್ತು ವರ್ಷ ಬಾಗಿಲಲ್ಲಿ ನಿಂತು ಕೇಳಿದವರಿಗೆ ಒಳಗೆ ಕೂತವರಿಗಿಂತ ಹೆಚ್ಚು ಗೊತ್ತಿರುತ್ತದೆ. ಹಲ್ಲಿಲ್ಲದ ಬಾಯಿಗೆ ಎಲೆ ಅಡಿಕೆ ಕುಟ್ಟಿಕೊಳ್ಳುತ್ತ, ಜಗುಲಿಯ ಮೇಲೆ ನನ್ನನ್ನು ನಿಲ್ಲಿಸಿ, ಸಂಜೆ ನಾಲ್ಕರಿಂದ ಐದರ ತನಕ ಮಾತಾಡಿಸುತ್ತಿದ್ದರು.

ಮೊದಲ ಸಲ ಪರೀಕ್ಷೆಗೆ ನಿಂತಾಗ ನನಗೆ ಇಪ್ಪತ್ತೈದು. ಅದಕ್ಕೆ ಹದಿನೈದು ದಿನ ಮೊದಲು ಅಮ್ಮ ತೀರಿಕೊಂಡಳು. ಅಮ್ಮನಿಗೆ ತಲೆಸುತ್ತಿನ ಕಾಯಿಲೆ, ಒಬ್ಬಳೇ ಏಳಬಾರದು ಎಂದು ಡಾಕ್ಟರು ಹೇಳಿದ್ದರು. ಅವತ್ತು ನನ್ನ ಅತ್ತಿಗೆ ಇಂದ್ರಾಣಿಗೆ ತವರಿನಿಂದ ಹೇಳಿಕಳಿಸಿದರು, ಅವಳ ಅಪ್ಪನಿಗೆ ಹುಷಾರಿಲ್ಲ ಎಂದು. ಅತ್ತಿಗೆ ಹೊರಟಳು. ನಾಲ್ಕು ಗಂಟೆಯ ಮಾತ್ರೆ ತೆಗೆದುಕೊಳ್ಳಲು ಅಮ್ಮ ತಾನೇ ಎದ್ದು ಬಚ್ಚಲ ಪಕ್ಕದ ಗೂಡಿನ ತನಕ ಹೋಗಿದ್ದಾಳೆ. ಐದೂವರೆಗೆ ನಾನು ಮನೆಗೆ ಬಂದಾಗ ಬಚ್ಚಲ ಹೊಸ್ತಿಲ ಹತ್ತಿರ ಬಿದ್ದಿದ್ದಳು. ಮಾತ್ರೆಯ ಹಾಳೆ ಕೈಯಲ್ಲೇ ಇತ್ತು. ಮೈ ತಣ್ಣಗಾಗಿತ್ತು.

ಅತ್ತಿಗೆ ಓಡೋಡಿ ಬಂದು ಎಲ್ಲರ ಮುಂದೆ ಹೇಳಿದಳು. "ನಾನು ಟೈಲರ್ ಅಂಗಡಿ ಕಿಟಕಿಗೆ ಹೋಗಿ ದಾಕ್ಷಿಗೆ ಹೇಳ್ದೆ. ನಾಲ್ಕಕ್ಕೆ ಹೋಗಿ ಮಾತ್ರೆ ಕೊಡು ಅಂದೆ. ಹೂಂ ಅಂತ ತಲೆ ಆಡಿಸಿದ್ಲು." ಅವಳ ಗಂಟಲು ಕಟ್ಟಲಿಲ್ಲ. ಅಣ್ಣ ನಂಜುಂಡ ನನ್ನ ಕಡೆ ತಿರುಗಿ "ಹೇಳಿದ್ಲಾ ನಿಂಗೆ?" ಎಂದ. ನಾನು ಅಮ್ಮನ ಕಾಲ ಬಳಿ ಕೂತು ಅಳುತ್ತಿದ್ದೆ. ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಬಾಯಲ್ಲಿ ಹೇಳು ಎಂದು ಯಾರೂ ಕೇಳಲಿಲ್ಲ. "ಪಾಪ, ದುಃಖಕ್ಕೆ ಗಂಟಲು ಬಿಗ್ದಿದೆ, ಬಿಡಿ ಅವಳನ್ನ" ಎಂದರು ಹೆಂಗಸರು. ಅಂಗಡಿಯಲ್ಲಿ ಏಳು ಮಿಷನ್ನು ಒಟ್ಟಿಗೆ ಓಡುತ್ತವೆ, ಆ ಸದ್ದಿನಲ್ಲಿ ಏನು ಕೇಳಿಸುತ್ತದೆ ಎಂದರು. ಕಾಜಾ ಹಾಕುವವರ ತಲೆ ಸೂಜಿಯ ಜೊತೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ, ಅದನ್ನೇ ಇವಳು ಹೂಂ ಅಂದುಕೊಂಡಿದ್ದಾಳೆ ಎಂದರು. ನಂಬಿ ಹೇಳಿದ್ದಾಳೆ, ಅದಕ್ಕೇ ಗಂಟಲು ಕಟ್ಟಿಲ್ಲ. ಆದರೂ ಬಾಯಿ ಬಿಟ್ಟು ಒಂದು ಉತ್ತರ ಕೇಳಿಸಿಕೊಳ್ಳದೆ ಮುದುಕಿಯನ್ನು ಒಂಟಿ ಬಿಟ್ಟು ಹೋಗುತ್ತಾರೆಯೇ? ಅಣ್ಣ ಅವಳ ಕೈಯಿಂದ ನೀರು ಕುಡಿಯುವುದನ್ನು ಬಿಟ್ಟ. ಒಂದು ತಿಂಗಳಲ್ಲಿ ಅತ್ತಿಗೆ ಬಟ್ಟೆ ಗಂಟು ಕಟ್ಟಿಕೊಂಡು ಸೇತುವೆ ಆಚೆಯ ತವರಿಗೆ ಹೋದಳು. ಆಮೇಲೆ ಯಾರ ಹತ್ತಿರವೂ ಮಾತೇ ಆಡಲಿಲ್ಲ. ನಮ್ಮೂರಲ್ಲಿ ಮಾತಾಡದವರನ್ನು ಏನೆಂದುಕೊಳ್ಳುತ್ತಾರೆ? ಗಂಟಲು ಕಟ್ಟಿದೋಳು ಎಂದೇ ಅವಳಿಗೆ ಹೆಸರಾಯಿತು.

ಅಮ್ಮನ ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ನಾಲ್ಕನೇ ದಿನಕ್ಕೆ ಪರೀಕ್ಷೆಗೆ ಹೋದೆ. ಗಟ್ಟಿಗಿತ್ತಿ ಎಂದರು ಜನ. ಪಕ್ಕದ ಮನೆಯವರ ಜೊತೆ ಇದ್ದ ಗೋಡೆಯ ತಕರಾರನ್ನು ತಯಾರು ಮಾಡಿಕೊಂಡಿದ್ದೆ. "ನನ್ನ ಬಾಳಿನ ದೊಡ್ಡ ಜಗಳ ಇದು" ಎಂದೆ. ಕಟ್ಟಿತು. ಗಂಟೆ ಬಾರಿಸಿದರು. ಎರಡನೇ ಸಲ ಇಪ್ಪತ್ತೆಂಟಕ್ಕೆ ಅಮ್ಮನ ಜಗಳವನ್ನೇ ಒಯ್ದೆ. ಅತ್ತಿಗೆಯನ್ನು ಕರೆಯಲಿಲ್ಲ, ಚೊಂಬು ಇಡಿಸಿದೆ. ಅವಳ ಪಕ್ಷ ಹೇಳುತ್ತ "ಇಂದ್ರಾಣಿ ಕಿಟಕಿಗೆ ಬಂದು ಹೇಳಿದಳು, ಮಿಷನ್ ಸದ್ದಿನಲ್ಲಿ ದಾಕ್ಷಾಯಿಣಿಗೆ ಕೇಳಿಸಲಿಲ್ಲ, ಹಾಗಾಗಿ ಇದರಲ್ಲಿ ಇಂದ್ರಾಣಿಯ ತಪ್ಪಿಲ್ಲ" ಎಂದು ಒಂದೇ ಉಸಿರಿನಲ್ಲಿ ಅಂದೆ. ಕಟ್ಟಿತು. ಜನ ಲೊಚಗುಟ್ಟಿದರು. "ಅತ್ತಿಗೆ ತಪ್ಪಿಲ್ಲ ಅನ್ನೋಕೆ ಈ ಹುಡುಗಿಗೆ ಮನಸ್ಸೇ ಒಪ್ಪಲ್ಲ, ಅದಕ್ಕೇ ಕಟ್ತು" ಎಂದು ಅವರವರೇ ತೀರ್ಮಾನ ಮಾಡಿಕೊಂಡರು. ಅತ್ತಿಗೆಗೆ ಇದ್ದ ಅಷ್ಟಿಷ್ಟು ಮರ್ಯಾದೆಯೂ ಅವತ್ತು ಹೋಯಿತು. ನಾನು ಸುಮ್ಮನಿದ್ದೆ. ಹೇಗೂ ಗಂಟಲು ಕಟ್ಟಿತ್ತಲ್ಲ.

ಈಗ ನನಗೆ ಮೂವತ್ತೊಂದು. ಇದು ಮೂರನೆಯ ಸಲ, ಕೊನೆಯದು. ಮೇಷ್ಟ್ರು ಜಗುಲಿಯಲ್ಲಿ ಕೂತು ಕುಟ್ಟಾಣಿ ಕುಟ್ಟುತ್ತಿದ್ದರು. ನಾನು ಅತ್ತಿಗೆಯ ಪಕ್ಷ ಒಪ್ಪಿಸುತ್ತಿದ್ದೆ. ಕುಟ್ಟುವುದನ್ನು ನಿಲ್ಲಿಸಿದರು.

"ಉಸಿರು ಬಿಡಿಸವ್ವ."

"ಬಿಡಿಸೇ ಹೇಳ್ತಿದೀನಲ್ಲ ಮೇಷ್ಟ್ರೇ."

"ಎಲ್ಲಾ ಬಿಡಿಸ್ತೀಯ. ಆ ಒಂದು ಮಾತು ಬಂದಾಗ ಮಾತ್ರ ಹಿಂದೆ ಮುಂದೆ ಎರಡೆರಡು ಮಾತು ಜೊತೆಗೆ ಕರ್ಕೊಂಡ್ ಬರ್ತೀಯ. ಮೂರು ತಿಂಗಳಿಂದ ನೋಡ್ತಿದೀನಿ. ಒಂಟಿಯಾಗಿ ನಡೆಯಕ್ಕೆ ಭಯಾನಾ ಅದಕ್ಕೆ?"

"ಯಾವ ಮಾತು?"

"ನಿಂಗೇ ಗೊತ್ತಲ್ಲ. 'ದಾಕ್ಷಾಯಿಣಿಗೆ ಕೇಳಿಸಲಿಲ್ಲ.' ಅಷ್ಟೇ ಹೇಳು. ಹೇಳಿ ಉಸಿರು ಬಿಡು."

ನನಗೆ ಮೈಯೆಲ್ಲ ಉರಿಯಿತು. "ನೀವು ನನ್ನ ಪರೀಕ್ಷೆಗೆ ತಯಾರು ಮಾಡ್ತಿದೀರೋ, ನನ್ನ ಮೇಲೇ ಕೇಸು ನಡೆಸ್ತಿದೀರೋ?"

"ಎರಡೂ ಒಂದೇ ಅಲ್ವೇನವ್ವ?" ಎಂದರು ಮೇಷ್ಟ್ರು, ಸಿಟ್ಟಿಲ್ಲದೆ.

ಚಪ್ಪಲಿ ಮೆಟ್ಟಿಕೊಂಡು ಎರಡು ಮೆಟ್ಟಿಲು ಇಳಿದೆ. ಹೋಗಬಹುದಿತ್ತು. ಆದರೆ ಎಲ್ಲಿಗೆ ಹೋಗುವುದು? ಆರು ವರ್ಷದಿಂದ ಆ ಮಾತನ್ನು ಒಂಟಿಯಾಗಿ ಆಡದಂತೆ ಎಚ್ಚರವಾಗಿ ಬದುಕಿದ್ದೆ. ಮಲಗುವಾಗಲೂ ಬಾಯಿ ಮುಚ್ಚಿಕೊಂಡು ಮಲಗುತ್ತಿದ್ದೆ. ತಿರುಗಿ ನಿಂತು "ಕೇಳಿಸ್ತು" ಎಂದೆ.

ಗಂಟಲು ಕಟ್ಟಲಿಲ್ಲ. ಕಟ್ಟಿದ್ದರೆ ಚೆನ್ನಾಗಿತ್ತು. ಉಳಿದದ್ದನ್ನೂ ಹೇಳಿದೆ, ಒಂದು ಉಸಿರಿಗೆ ಒಂದು ಮಾತಾಗಿ. ಅತ್ತಿಗೆ ಕಿಟಕಿಗೆ ಬಂದಳು. ಹೇಳಿದ್ದೆಲ್ಲ ಕೇಳಿಸಿತು. ಹೂಂ ಎಂದು ತಲೆಯಾಡಿಸಿದೆ. ಸೂಜಿ ಕೆಳಗಿಟ್ಟೇ ಆಡಿಸಿದೆ. ನಾಲ್ಕಕ್ಕೆ ಅಂಗಡಿ ಬಿಟ್ಟೆ. ಮನೆ ಎಡಕ್ಕೆ, ನಿಮ್ಮ ಜಗುಲಿ ಬಲಕ್ಕೆ. ಒಂದು ಗಂಟೆಯಲ್ಲಿ ಏನಾಗುತ್ತದೆ ಅಂದುಕೊಂಡೆ. ಬಲಕ್ಕೆ ತಿರುಗಿದೆ.

ಮೇಷ್ಟ್ರು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಅಂಗಳಕ್ಕೆ ಉಗಿದರು. ಆಮೇಲೆ "ಅವತ್ತು ನೀನು ಚೆನ್ನಾಗ್ ಮಾತಾಡ್ತಿದ್ದೆ" ಎಂದರು. "ಐದಕ್ಕೆ ಹೊರಡಕ್ ಹೋದೆ ನೀನು. ನಾನೇ ಇನ್ನೊಂದ್ ಸಲ ಹೇಳು ಅಂತ ನಿಲ್ಲಿಸ್ಕೊಂಡೆ." ಅವರ ಗಂಟಲೂ ಕಟ್ಟಲಿಲ್ಲ. ಕುಟ್ಟಾಣಿಯನ್ನು ಪಕ್ಕಕ್ಕಿಟ್ಟು ಪಂಚೆಯಲ್ಲಿ ಕೈ ಒರೆಸಿಕೊಂಡರು. "ಹೋಗವ್ವ. ಎದುರಿನವಳನ್ನ ಕರ್ಕೊಂಡ್ ಬಾ. ಈ ಸಲ ಚೊಂಬು ಇಡಿಸ್ಬೇಡ."

ಅತ್ತಿಗೆ ನನಗಿಂತ ಎರಡೇ ವರ್ಷ ದೊಡ್ಡವಳು. ಒಂದೇ ಶಾಲೆಗೆ ಹೋದವರು, ಹಾಗಾಗಿ ನಮ್ಮಲ್ಲಿ ಏಕವಚನವೇ. ಸೇತುವೆ ದಾಟಿ ಅವಳ ತವರಿಗೆ ಹೋದಾಗ ಅಂಗಳದಲ್ಲಿ ಕೂತು ಹಪ್ಪಳ ಲಟ್ಟಿಸುತ್ತಿದ್ದಳು. ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದಳು, ಮತ್ತೆ ಲಟ್ಟಣಿಗೆ ನೋಡಿದಳು.

"ಅತ್ತಿಗೆ, ನನ್ನ ಪರೀಕ್ಷೆ ಇದೆ ಶುಕ್ರವಾರ" ಎಂದೆ. ಎಷ್ಟು ನಾಚಿಕೆಗೆಟ್ಟ ಮಾತು! ಆರು ವರ್ಷಕ್ಕೆ ಮೊದಲ ಸಲ ಬಂದು ಪರೀಕ್ಷೆಯ ವಿಷಯ ಎತ್ತಿದ್ದೆ. "ನೀನು ಬಂದು ಮಣೆ ಮೇಲೆ ಕೂರ್ಬೇಕು. ಅಲ್ಲಿ ಹೇಳೋದಿದೆ. ನಿನ್ ಒಬ್ಬಳಿಗೇ ಇಲ್ಲಿ ಹೇಳಿದ್ರೆ ಸಾಲಲ್ಲ. ನಿನ್ನ ಮೇಲೆ ಮಾತು ಬಂದಿದ್ದು ಊರ ಮುಂದೆ."

ಅವಳು ಇನ್ನೊಂದು ಲಟ್ಟಣಿಗೆ ನನ್ನ ಮುಂದೆ ಇಟ್ಟಳು, ಒಂದು ಉಂಡೆ ಹಿಟ್ಟು ಇಟ್ಟಳು. ಕೂತೆ. ಹೊತ್ತು ಇಳಿಯುವ ತನಕ ಇಬ್ಬರೂ ಲಟ್ಟಿಸಿದೆವು. ನನ್ನವು ಅಂಕುಡೊಂಕಾದವು; ಅವನ್ನು ಬೇರೆ ಇಟ್ಟಳು, ಎಸೆಯಲಿಲ್ಲ. ನಾನು ಎದ್ದು ಹೊರಟು ಗೇಟಿನ ಹತ್ತಿರ ಬಂದಾಗ ಹಿಂದಿನಿಂದ ಒರಟಾದ ದನಿ ಕೇಳಿಸಿತು. ಅದು ಅವಳದೇ ಎಂದು ತಿಳಿಯಲು ನನಗೆ ಒಂದು ಕ್ಷಣ ಬೇಕಾಯಿತು.

"ಎಷ್ಟ್ ಗಂಟೆಗೆ?"

ಶುಕ್ರವಾರ ಹತ್ತಕ್ಕೆ ಸಭೆ ತುಂಬಿತ್ತು. ನನ್ನ ಹೆಸರು ಕೂಗಲು ಮರಿದೇವರು ಮೇಷ್ಟ್ರೇ ಬಾಗಿಲಲ್ಲಿ ನಿಂತಿದ್ದರು. ಹಿರಿಯರನ್ನು ಕೇಳಿಕೊಂಡು ಅವತ್ತೊಂದು ದಿನಕ್ಕೆ ಆ ಕೆಲಸ ಪಡೆದಿದ್ದರಂತೆ. ಅಣ್ಣ ಹಿಂದಿನ ಕಂಬಕ್ಕೆ ಒರಗಿದ್ದ. ಅತ್ತಿಗೆ ಬಂದು ಮಣೆಯ ಮೇಲೆ ಕೂತಾಗ ಜನರಲ್ಲಿ ಗುಸುಗುಸು ಎದ್ದಿತು. "ಗಂಟಲು ಕಟ್ಟಿದೋಳು ಬಂದ್ಲು ನೋಡು" ಎಂದು ಯಾರೋ ಅಂದರು. ಅತ್ತಿಗೆ ಸೆರಗು ಸರಿಮಾಡಿಕೊಂಡಳು, ಅಷ್ಟೇ.

"ನನ್ನ ಬಾಳಿನ ದೊಡ್ಡ ಜಗಳ ಇದು" ಎಂದೆ. ಗಂಟಲು ಕಟ್ಟಲಿಲ್ಲ. ಅತ್ತಿಗೆಯ ಪಕ್ಷ ಶುರುಮಾಡಿದೆ.

"ಇಂದ್ರಾಣಿ ಕಿಟಕಿಗೆ ಬಂದಳು." ಉಸಿರು ಬಿಟ್ಟೆ. "ನಾಲ್ಕಕ್ಕೆ ಅಮ್ಮನಿಗೆ ಮಾತ್ರೆ ಕೊಡು ಎಂದಳು." ಉಸಿರು. "ದಾಕ್ಷಾಯಿಣಿಗೆ ಕೇಳಿಸಿತು."

ಮಿಷನ್ ಸದ್ದಿನಲ್ಲಿ ಏನು ಕೇಳಿಸುತ್ತದೆ ಎಂದಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು.

"ಹೂಂ ಎಂದು ತಲೆಯಾಡಿಸಿದಳು. ಅದು ಸೂಜಿಯ ಜೊತೆ ಆಡಿದ ತಲೆ ಅಲ್ಲ. ಇಂದ್ರಾಣಿ ಅದನ್ನು ನಂಬಿ ಹೋದಳು. ದಾಕ್ಷಾಯಿಣಿ ಮನೆಗೆ ಹೋಗಲಿಲ್ಲ. ಪಾಠಕ್ಕೆ ಹೋದಳು. ಅಮ್ಮ ಸತ್ತ ಮೇಲೆ ಅಣ್ಣ ಕೇಳಿದಾಗ ಇಲ್ಲ ಎಂದು ತಲೆಯಾಡಿಸಿದಳು. ತಲೆಗೆ ಗಂಟಲಿಲ್ಲ ಎಂದು ಗೊತ್ತಿದ್ದೇ ಆಡಿಸಿದಳು. ಆರು ವರ್ಷ ಇಂದ್ರಾಣಿ ಮಾಡದ ತಪ್ಪನ್ನು ಹೊತ್ತಳು."

ಎಲ್ಲೂ ಕಟ್ಟಲಿಲ್ಲ. ಹಿರಿಯರಲ್ಲಿ ನಡುವೆ ಕೂತಿದ್ದ ಚಂದ್ರಮತಿಯಮ್ಮನವರು ಅತ್ತಿಗೆಯ ಕಡೆ ತಿರುಗಿ "ನಿಮ್ಮ ಪಕ್ಷ ಇದೇನಾ?" ಎಂದರು. "ಇದೇ" ಎಂದಳು ಅತ್ತಿಗೆ. ಆ ಒಂದು ಮಾತಿಗೆ ಜನ ಬೆಚ್ಚಿದರು. ಕಂಬದ ಹತ್ತಿರ ಅಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ.

"ಈಗ ನಿಮ್ಮ ಪಕ್ಷ ಹೇಳಿ ದಾಕ್ಷಾಯಿಣಿ."

ನನ್ನ ಪಕ್ಷ! ಆರು ವರ್ಷ ಉರುಹೊಡೆದ ನನ್ನ ಪಕ್ಷದಲ್ಲಿ ಒಂದು ಮಾತೂ ಉಳಿದಿರಲಿಲ್ಲ. ಅಮ್ಮನ ಕೈಯಲ್ಲಿದ್ದ ಮಾತ್ರೆಯ ಹಾಳೆಯೊಂದೇ ಕಣ್ಣಮುಂದೆ ಇತ್ತು. ಇನ್ನು ಏನು ಹೇಳುವುದು, ಯಾವ ಮುಖ ಹೊತ್ತು ಹೇಳುವುದು? ಕೈಮುಗಿದು ಹೇಳಿದೆ.

"ನನ್ನ ಪಕ್ಷದಲ್ಲಿ ಹೇಳುವುದಕ್ಕೆ ಏನೂ ಇಲ್ಲ."

ಕಟ್ಟಿತು.

ನಂಬಿಯೇ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ. ಅದು ಸುಳ್ಳೆಂದು ನನ್ನ ಗಂಟಲಿಗೆ ಗೊತ್ತಿತ್ತು. ಗಂಟೆ ಬಾರಿಸಿದರು. ಮೂರನೆಯ ಸಲದ ಗಂಟೆಯ ಸದ್ದೂ ಮೊದಲೆರಡರಷ್ಟೇ ಸಣ್ಣದು, ಹಾಲು ಕುಡಿಯುವ ಲೋಟಕ್ಕೆ ಚಮಚ ತಾಗಿದಷ್ಟು. ಮೆಟ್ಟಿಲು ಇಳಿಯಲು ಕಾಲೆತ್ತಿದೆ.

"ಅವಳ ಪಕ್ಷ ನಾನ್ ಹೇಳ್ಲಾ?" ಎಂದಳು ಅತ್ತಿಗೆ.

ಅವಳು ಮಣೆಯಿಂದ ಎದ್ದು ನಿಂತಿದ್ದಳು. ಯಾರೂ ಬೇಡ ಎನ್ನಲಿಲ್ಲ. ಯಾರ ಹತ್ತಿರ ಪಾಠ ಹೇಳಿಸಿಕೊಂಡವಳೂ ಅಲ್ಲ, ಆದರೂ ಒಂದೊಂದೇ ಮಾತು ಹೇಳಿ ನಿಲ್ಲುತ್ತಿದ್ದಳು. ಆರು ವರ್ಷ ಮಾತಾಡದವಳಿಗೆ ಒಂದು ಉಸಿರಿಗೆ ಒಂದಕ್ಕಿಂತ ಹೆಚ್ಚು ಮಾತು ಬರುತ್ತಿರಲಿಲ್ಲ.

"ಸಾವಿಗೆ ಹಿಂದಿನ ದಿನ ಇವಳು ಪಾಠ ಅರ್ಧಕ್ಕೆ ಬಿಟ್ಟು ಅತ್ತೇರಿಗೆ ಮಾತ್ರೆ ಕೊಡಕ್ ಓಡ್ ಬಂದಿದ್ಲು. ಅತ್ತೇರು ಬೈದ್ರು. ನನ್ ಮಾತ್ರೆಗೋಸ್ಕರ ಪಾಠ ಬಿಟ್ ಬಂದ್ರೆ ಕಾಲು ಮುರೀತೀನಿ ಅಂದ್ರು. ನಾನು ಒಲೆ ಮುಂದೆ ಕೂತು ಕೇಳಿಸ್ಕೊಂಡಿದೀನಿ." ಸುಧಾರಿಸಿಕೊಂಡಳು. "ಇವಳಿಗೆ ಅವಾಗ ಇಪ್ಪತ್ತೈದು. ಅಮ್ಮ ಅಂದ್ರೆ ಜೀವ. ಸಾಯ್ಲಿ ಅಂತ ಹೋಗ್ಲಿಲ್ಲ ಇವಳು ಪಾಠಕ್ಕೆ. ಆಮೇಲೆ ಭಯಕ್ಕೆ ಇಲ್ಲ ಅಂತ ತಲೆ ಅಲ್ಲಾಡ್ಸಿದ್ಲು. ಒಂದ್ಸಲ ಆಡ್ಸಿದ್ ಮೇಲೆ ನಿಲ್ಲಿಸಕ್ ಆಗ್ಲಿಲ್ಲ." ಅವಳು ನನ್ನನ್ನು ನೇರವಾಗಿ ನೋಡಿದಳು. "ನಾನು ಇವಳನ್ನ ಕ್ಷಮಿಸಿಲ್ಲ." ಗಂಟಲು ಕಟ್ಟಲಿಲ್ಲ. "ಆದ್ರೂ ಇವಳಿಗೂ ಒಂದು ಪಕ್ಷ ಇದೆ."

ಅಳುವುದಕ್ಕೂ ಗಂಟಲು ಬೇಕು. ನನಗೆ ಅದೂ ಇರಲಿಲ್ಲ. ಬಾಯಿ ತೆರೆದು ನಿಂತಿದ್ದೆ, ಕಣ್ಣಿಂದ ನೀರು ಇಳಿಯುತ್ತಲೇ ಇತ್ತು.

ಹಿರಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆಮೇಲೆ ಚಂದ್ರಮತಿಯಮ್ಮನವರು "ಇಂದ್ರಾಣಿ, ನೀವು ಈ ಪರೀಕ್ಷೆಗೆ ಹೆಸರು ಕೊಟ್ಟಿಲ್ಲ" ಎಂದರು.

"ಇಲ್ಲಮ್ಮ."

"ಯಾಕೆ ಕೊಟ್ಟಿಲ್ಲ?"

"ನನ್ ಮಾತು ಯಾರ್ ಕೇಳ್ತಾರೆ ಅನ್ಕೊಂಡಿದ್ದೆ."

"ನಿಯಮದಲ್ಲಿ ಹೆಸರು ಕೊಟ್ಟಿರಬೇಕು ಅಂತ ಎಲ್ಲೂ ಇಲ್ಲ. ಎದುರಿನವರ ಪಕ್ಷ ನೀವು ಹೇಳಿದಿರಿ. ನಿಮ್ಮ ಪಕ್ಷ ಎದುರಿನವರ ಬಾಯಲ್ಲೇ ಹೇಳಿಸಿದಿರಿ. ಎಲ್ಲೂ ಗಂಟಲು ಕಟ್ಟಲಿಲ್ಲ. ಶಾಲೆಯ ಬಾಗಿಲು ತೆರೆದಿದೆ. ಬರ್ತೀರಾ?"

ತಲೆಯಾಡಿಸಿದರೆ ಸಾಲದು ಎಂದು ಅತ್ತಿಗೆಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. "ಬರ್ತೀನಿ" ಎಂದಳು.

ಹೊರಗೆ ಅಂಗಳದಲ್ಲಿ ಅಣ್ಣ ಅವಳ ಮುಂದೆ ಬಂದು ನಿಂತ. "ತಪ್ಪಾಯ್ತು. ಮನೆಗೆ ಹೋಗಣ ನಡಿ ಇಂದ್ರಾಣಿ" ಎಂದ. ಅವಳು "ಶಾಲೆಗೆ ಹತ್ರ ಇರೋದು ನನ್ ತವರೇ" ಎಂದು ಸೇತುವೆ ಕಡೆ ನಡೆದಳು. ಅಣ್ಣ ಈಗ ದಿನಾ ಸಂಜೆ ಸೇತುವೆ ದಾಟಿ ಹೋಗಿ ಆ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಾನೆ. ಅವಳು ಕೊಟ್ಟರೆ ನೀರು ಕುಡಿಯುತ್ತಾನೆ. ಕೊಡದ ದಿನಗಳೂ ಇವೆಯಂತೆ.

ಕಾನೂನು ಶಾಲೆಯವರ ಕರಿಕೋಟು ಹೊಲಿಯುವುದು ಮಾದೇವಣ್ಣನ ಅಂಗಡಿಯಲ್ಲೇ. ಅತ್ತಿಗೆಯ ಕೋಟು ನನ್ನ ಕೈಗೆ ಬಂತು. ಆರು ಕಾಜಾ ಹಾಕಿದೆ. ಒಂದೊಂದಕ್ಕೂ ದಾರವನ್ನು ಎರಡು ಸಲ ಸುತ್ತಿದೆ, ಬೇಗ ಕಿತ್ತುಹೋಗಬಾರದು ಎಂದು. ಅವಳು ಅಂಗಡಿಗೆ ಬಂದು ಕೋಟು ಹಾಕಿಕೊಂಡು ನೋಡಿದಳು, ಗುಂಡಿ ಹಾಕಿದಳು, ಬಿಚ್ಚಿದಳು.

"ಬೇಜಾರಿದ್ಯಾ ದಾಕ್ಷಿ?" ಎಂದಳು. ಕ್ಷಮಿಸಿದ ದನಿಯಲ್ಲ. ಸುಮ್ಮನೆ ತಿಳಿದುಕೊಳ್ಳಬೇಕೆಂದು ಕೇಳುವವರ ದನಿ.

ಇಲ್ಲ ಎಂದು ತಲೆಯಾಡಿಸಲು ಹೊರಟಿದ್ದ ಕತ್ತನ್ನು ಹಿಡಿದು ನಿಲ್ಲಿಸಿದೆ. ಏಳು ಮಿಷನ್ನುಗಳೂ ಓಡುತ್ತಿದ್ದವು. ಎದ್ದು ಅವಳ ಹತ್ತಿರ ಹೋಗಿ, ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳಿದೆ.

"ಬೇಜಾರಿದೆ." ಉಸಿರು ಬಿಟ್ಟೆ. "ಸಂತೋಷಾನೂ ಇದೆ."

ಎರಡಕ್ಕೂ ಗಂಟಲು ಕಟ್ಟಲಿಲ್ಲ. ಅತ್ತಿಗೆ "ಕೇಳಿಸ್ತು" ಎಂದು ಕೋಟು ಮಡಿಸಿ ಚೀಲಕ್ಕೆ ಹಾಕಿಕೊಂಡಳು.